ಮೇಸ್ತ್ರಿ ಒಯ್ದ ಹೆಣಿಗೆ ಕಡ್ಡಿ

ಬಾವಿಯ ಹತ್ತಿರ ಬರುವಾಗ ರಾತ್ರಿ ಹನ್ನೊಂದು ಗಂಟೆ ದಾಟಿತ್ತು. ನಾನು ಮತ್ತು ನನ್ನ ಮೈದುನ, ಇಬ್ಬರೇ. ನನ್ನ ಕೈಯಲ್ಲಿ ಚಹಾದ ಖಾಲಿ ಫ್ಲಾಸ್ಕು, ಅವನ ಕೈಯಲ್ಲಿ ಟಾರ್ಚು. ಚಹಾ ಕೊಟ್ಟು ಮರಳುತ್ತಿದ್ದ ನನ್ನನ್ನು ಮನೆ ಮುಟ್ಟಿಸಲು ಬರುತ್ತಿದ್ದ. ಅವನ ಗ್ಯಾರೇಜಿನಿಂದ ನಮ್ಮ ಮನೆಗೆ ಎಂಟು ನಿಮಿಷದ ದಾರಿ. ನಡುವೆ ಒಂದು ಓಣಿ, ಓಣಿಯ ಬಾಯಲ್ಲೇ ಆ ಬಾವಿ. ನೀರು ಸೇದುವುದು ನಿಂತು ಎಷ್ಟೋ ವರ್ಷವಾಗಿತ್ತು. ಮೇಲೆ ಕಬ್ಬಿಣದ ಜಾಲರಿ ಮುಚ್ಚಿ ಬೀಗ ಜಡಿದಿದ್ದರು.

ಹುಟ್ಟಿದೂರಿನ ಬಾವಿಯಾದರೆ ಯಾವುದಕ್ಕೆ ಯಾರು ಬಿದ್ದರು, ಯಾವುದರ ಹತ್ತಿರ ಕತ್ತಲಾದ ಮೇಲೆ ಸುಳಿಯಬಾರದು ಎಂದು ಚಿಕ್ಕಂದಿನಲ್ಲೇ ಗೊತ್ತಾಗಿರುತ್ತದೆ. ನನ್ನ ಊರು ಇಲ್ಲಿಂದ ಎರಡು ಹಗಲು ಎರಡು ರಾತ್ರಿಯ ದಾರಿ. ಪರವೂರಿನ ಬಾವಿಯ ಗುಟ್ಟು ನನಗೇನು ಗೊತ್ತು?

ಪಕ್ಕಕ್ಕೆ ಬಂದೆವು. ಆಗ ಕೇಳಿತು.

ಟಿಣ್...

ಸಣ್ಣ ಶಬ್ದ. ಜಾಲರಿಯ ಕೆಳಗಿನಿಂದ.

ಟಿಣ್... ಟಿಣ್...

ನೀರು ತೊಟ್ಟಿಕ್ಕಿದ್ದಲ್ಲ. ಕಲ್ಲಿಗೆ ಕಲ್ಲು ತಾಗಿದ್ದೂ ಅಲ್ಲ. ಹನ್ನೆರಡನೇ ವಯಸ್ಸಿನಿಂದ ಹೆಣಿಗೆ ಹಾಕಿದ ಕೈ ನನ್ನದು. ಉಕ್ಕಿನ ಹೆಣಿಗೆ ಕಡ್ಡಿಯ ತುದಿ ಕಬ್ಬಿಣಕ್ಕೆ ತಾಗಿದರೆ ಹೇಗೆ ಸದ್ದಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಕೇಳಿಸ್ತಾ?" ಪಿಸುಗುಟ್ಟಿದೆ.

"ಏನು?"

"ಸುಮ್ನಿರು... ಈಗ ನೋಡು."

ಟಿಣ್...

ಅವನು ತಲೆ ಓರೆ ಮಾಡಿ ನಿಂತ. ಉಸಿರು ಹಿಡಿದ. ಟಾರ್ಚಿನ ಬೆಳಕು ಜಾಲರಿಯ ಮೇಲೆ ಅಲ್ಲಾಡದೆ ನಿಂತಿತ್ತು.

"ಏನೂ ಇಲ್ವಲ್ಲ ಅತ್ತಿಗೆ."

"ಇಷ್ಟು ಹತ್ತಿರ ಆಗ್ತಿದೆ! ನಿನಗೆ ಕೇಳಿಸ್ತಿಲ್ವಾ? ನೀನು ಕಿವಿಯಪ್ಪ ಅಲ್ವೇನೋ!"

ಅಷ್ಟು ಅಂದದ್ದೇ ತಪ್ಪಾಯಿತು. ಅವನು ಟಾರ್ಚು ಆರಿಸಿ ಬಾವಿಯ ಕಟ್ಟೆಯ ಮೇಲೆ ಕುಕ್ಕರಿಸಿ ಕೂತ. ಕತ್ತಲಲ್ಲಿ ಮುಖ ಕಾಣಲಿಲ್ಲ. ದನಿ ಮಾತ್ರ ಬಂತು.

"ಯಾರಿಗೂ ಹೇಳ್ಬೇಡಿ. ಅಣ್ಣಂಗೂ ಹೇಳ್ಬೇಡಿ. ಸಣ್ಣ ಸದ್ದು ಯಾವುದೂ ನನಗೆ ಕೇಳ್ತಿಲ್ಲ. ಒಂದು ವರ್ಷ ಆಯ್ತು."

ನಿಮಗೆ ಅದರ ಅರ್ಥ ತಿಳಿಯಬೇಕಾದರೆ ಕಿವಿಯಪ್ಪ ಎಂಬ ಹೆಸರು ಬಂದದ್ದು ಹೇಗೆ ಎಂದು ಹೇಳಬೇಕು. ನನ್ನ ಮೈದುನ ಕಾರಿನ ಬಾನೆಟ್ಟು ಎತ್ತುವ ಮೊದಲೇ ರೋಗ ಹೇಳುತ್ತಿದ್ದ. ಗೇಟಿನೊಳಗೆ ಕಾರು ಬರುವಾಗಲೇ, "ಮೂರನೇ ಪ್ಲಗ್ ಹೋಗಿದೆ" ಅನ್ನುವನು. ತೆಗೆದು ನೋಡಿದರೆ ಮೂರನೆಯದೇ. ಅವನ ಹೆಸರು ಎಷ್ಟು ಹಬ್ಬಿತ್ತೆಂದರೆ ಒಮ್ಮೆ ಒಬ್ಬ ಮುದುಕ ಕಿವಿ ನೋವೆಂದು ಹತ್ತಿ ತುರುಕಿಕೊಂಡು ಗ್ಯಾರೇಜಿಗೆ ಬಂದು ಕೂತಿದ್ದ. "ಅಜ್ಜಾ, ನಾನು ಎಣ್ಣೆ ಹಾಕ್ತೀನಿ ನಿಜ, ಆದ್ರೆ ಇಂಜಿನ್ನಿಗೆ" ಎಂದು ಇವನು ಕಳಿಸಿದ್ದ. ಅಂಥವನ ಕಿವಿ ಹೋಗಿತ್ತು. ಪೂರಾ ಕಿವುಡಲ್ಲ. ಮಾತು ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು. ಸೂಜಿಯಂಥ ಸದ್ದುಗಳು ಮಾತ್ರ ಒಂದೊಂದಾಗಿ ಬಿಟ್ಟುಹೋಗಿದ್ದವು.

"ಹಾಗಾದ್ರೆ ಉದ್ದಣ್ಣನ ಕಾರು?" ಅಂದೆ.



ಉದ್ದಣ್ಣ ಅಂದರೆ ಟ್ಯಾಕ್ಸಿ ಓಡಿಸುವವನು, ನಮ್ಮ ಬೀದಿಯ ಕೊನೆಯ ಮನೆ. ಕೂತರೆ ತಲೆ ಕಾರಿನ ಚಾವಣಿಗೆ ತಾಗುವಷ್ಟು ಉದ್ದ. ಅವನ ಹೆಂಡತಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಗುಡ್ಡ ಹತ್ತಿ ಇಳಿದು ಆಚೆಯ ದೊಡ್ಡ ಆಸ್ಪತ್ರೆಗೆ ಹೋಗಿ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರಬೇಕು. ಹಳೆಯ ಟ್ಯಾಕ್ಸಿಗೆ ಗುಡ್ಡ ಹತ್ತುವ ಶಕ್ತಿಯಿಲ್ಲವೆಂದು ಉದ್ದಣ್ಣ ಯಾರಿಂದಲೋ ಒಂದು ಟರ್ಬೊ ಕಾರು ಕೊಂಡಿದ್ದ. ಟರ್ಬೊ ಎಂದರೆ ಹೊಗೆಯ ರಭಸಕ್ಕೇ ತಿರುಗಿ, ಇಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವ ಸಣ್ಣ ಚಕ್ರ. ಗಾಳಿ ಹೆಚ್ಚಿದಷ್ಟೂ ಶಕ್ತಿ. ಆ ಕಾರು ಹತ್ತು ದಿನದಿಂದ ಗುಡ್ಡದಲ್ಲಿ ಏದುಸಿರು ಬಿಡುತ್ತಿತ್ತು. ಪಿಕಪ್ಪೇ ಇಲ್ಲ. ಗ್ಯಾರೇಜಿಗೆ ಬಂದು ಐದು ದಿನ. ಅಷ್ಟರಲ್ಲಿ ಎರಡು ಸಲ ಆಸ್ಪತ್ರೆ ತಪ್ಪಿತ್ತು. ಅವಳ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯೆಲ್ಲ ಕೂತೇ ಇರುತ್ತಿದ್ದಳು. ಮೂರನೇ ಸಲ ತಪ್ಪಿದರೆ... ಡಾಕ್ಟರು ಮುಂದಕ್ಕೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಬೇಕರಿಯವನು ತನ್ನ ವ್ಯಾನಿನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ನನ್ನ ಮೈದುನನೇ ಬೇಡವೆಂದ. "ಬ್ರೆಡ್ಡಿನ ವ್ಯಾನಲ್ಲಿ ಯಾಕಣ್ಣಾ ಅತ್ತಿಗೇನ ಕೂರಿಸ್ತೀಯ? ನಾಳೆ ಬೆಳಗಿನ ಜಾವ ನಾಲ್ಕಕ್ಕೆ ನಿನ್ನ ಕಾರು ನಿನ್ನ ಬಾಗಿಲಲ್ಲಿರುತ್ತೆ" ಎಂದು ಉದ್ದಣ್ಣನಿಗೆ ಮಾತು ಕೊಟ್ಟಿದ್ದ.

ಅದೇ ನಾಳೆಗೆ ಇನ್ನು ಐದು ಗಂಟೆ ಇತ್ತು.

"ಗಾಳಿ ಸೋರೋ ಜಾಗ ಸಿಕ್ತು ಅತ್ತಿಗೆ," ಅಂದ ಕತ್ತಲಲ್ಲಿ. "ಟರ್ಬೊದಿಂದ ಹೋಗೋ ರಬ್ಬರ್ ಪೈಪು ಅಡಿಯಲ್ಲಿ ಸೀಳಿತ್ತು. ಮೊದಲಾಗಿದ್ರೆ ಬುಸ್ಸ್ ಅನ್ನೋದು ಕೇಳಿ ಒಂದೇ ನಿಮಿಷಕ್ಕೆ ಹಿಡೀತಿದ್ದೆ. ಈ ಸಲ ಸೋಪಿನ ನೀರು ಸುರಿದು, ಗುಳ್ಳೆ ಹುಡುಕಿ... ಐದು ದಿನ ಹಿಡೀತು. ಹೊಸ ಪೈಪು ಹಾಕಿದೀನಿ. ಈಗ ಬೂಸ್ಟ್, ಅಂದ್ರೆ ಗಾಳಿಯ ಒತ್ತಡ, ಪೂರ್ತಿ ಬರುತ್ತೆ. ಟೈಮಿಂಗ್ ಒಂದು ನೋಡ್ಬೇಕು. ನೀವು ನನ್ನ ಜೊತೆ ವಾಪಸ್ ಬನ್ನಿ."

"ನಾನು ಬಂದು ಏನು ಮಾಡ್ಲಿ?"

"ನನ್ನ ಕಿವಿ ಆಗಿ."

ಎದ್ದೆವು. ಬಂದ ದಾರಿಯಲ್ಲೇ ತಿರುಗಿದೆವು. ನಮ್ಮ ಬೆನ್ನ ಹಿಂದೆ... ಟಿಣ್... ಟಿಣ್... ನಾನು ತಿರುಗಿ ನೋಡಲಿಲ್ಲ.

ಗ್ಯಾರೇಜಿನಲ್ಲಿ ಒಂದೇ ಬಲ್ಬು. ಅದರ ಕೆಳಗೆ ಕೆಂಪು ಕಾರು ಬಾಯಿ ತೆರೆದುಕೊಂಡು ನಿಂತಿತ್ತು. ಗೋಡೆಯ ಬದಿಗೆ ಮೇಸ್ತ್ರಿ ಕೂರುತ್ತಿದ್ದ ಹಳೇ ಟೈರು, ಅದರ ಮೇಲೆ ಅವರದೇ ಗೋಣಿತಾಟು. ಅವರು ಹೋಗಿ ಮೂರು ವರ್ಷವಾದರೂ ಆ ಟೈರನ್ನು ಯಾರೂ ಎತ್ತಿರಲಿಲ್ಲ.

ಮೇಸ್ತ್ರಿ ಎಂದರೆ ಮೈದುನನಿಗೆ ವಿದ್ಯೆ ಕಲಿಸಿದವರು. ಗ್ಯಾರೇಜೂ ಅವರದೇ. ಇಂಜಿನ್ನಿನೊಳಗೆ ಕಿಡಿ ಹೊತ್ತುವುದಕ್ಕೆ ಒಂದು ಗಳಿಗೆ ಇದೆಯಂತೆ, ಅದೇ ಟೈಮಿಂಗ್. ತಡವಾದರೆ ಶಕ್ತಿ ಇಲ್ಲ. ಬೇಗ ಹೊತ್ತಿತೋ, ಮೇಲಕ್ಕೆ ಬರುತ್ತಿರುವ ಪಿಸ್ಟನ್ನಿನ ನೆತ್ತಿಗೇ ಏಟು. ಆ ಏಟಿನ ಸದ್ದಿಗೆ ನಾಕಿಂಗ್ ಅನ್ನುತ್ತಾರೆ. ಅದನ್ನು ಕೇಳಿಯೂ ಸುಮ್ಮನೆ ಓಡಿಸಿದರೆ ಪಿಸ್ಟನ್ನು ತೂತು ಬೀಳುತ್ತದೆ. ಗಳಿಗೆ ಸರಿಯಿದೆಯೋ ಇಲ್ಲವೋ ನೋಡಲಿಕ್ಕೆ ಇಂಜಿನ್ನಿನ ಮುಂದೆ ಬೆಲ್ಟು ತಿರುಗಿಸುವ ಪುಲ್ಲಿ ಎಂಬ ಚಕ್ರದ ಮೇಲೆ ಒಂದು ಬಿಳಿ ಗುರುತು, ಅದರೆದುರಿಗೆ ಅಲ್ಲಾಡದ ಒಂದು ಸೂಚಕ ಇರುತ್ತದೆ. ಎಲ್ಲರೂ ಆ ಗುರುತನ್ನೇ ನಂಬುತ್ತಿದ್ದರು. ಮೇಸ್ತ್ರಿ ನಂಬುತ್ತಿರಲಿಲ್ಲ.

"ಗುರುತು ಅನ್ನೋದು ಸಾಕ್ಷಿ ಕಣೋ. ಸಾಕ್ಷಿ ದುಡ್ಡು ತಿಂದಿರಬಹುದು. ಪಿಸ್ಟನ್ನನ್ನೇ ಕೇಳು" ಅನ್ನುತ್ತಿದ್ದರು.

ಕೇಳುವುದು ಹೇಗೆ? ಮೊದಲನೇ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಕಡ್ಡಿ ಇಳಿಬಿಟ್ಟು, ಪಿಸ್ಟನ್ ನಿಜವಾಗಿ ಮೇಲೆ ಬಂದು ನಿಲ್ಲುವ ಜಾಗ ಹಿಡಿದು, ಅದಕ್ಕೆ ಗುರುತು ಹೊಂದುತ್ತದೆಯೇ ಎಂದು ನೋಡುವುದು. ಆ ಕಡ್ಡಿ ನನ್ನದು. ನಾನು ಹತ್ತನೇ ನಂಬರಿನ ಉಕ್ಕಿನ ಕಡ್ಡಿಯಲ್ಲಿ ಮಗನಿಗೆ ಟೋಪಿ ಹೆಣೆಯುತ್ತಿದ್ದಾಗ ಮನೆಗೆ ಬಂದವರು, "ತಂಗಿ, ಇದಕ್ಕಿಂತ ನೆಟ್ಟಗಿರೋ ವಸ್ತು ಈ ಊರಲ್ಲಿಲ್ಲ. ನಿನ್ನ ಗಂಡನೂ ಇಷ್ಟು ನೆಟ್ಟಗಿಲ್ಲ. ಒಂದು ಕೊಡು" ಅಂದರು. ಜೋಡಿ ಒಡೆಯುತ್ತದೆ ಅಂದರೂ ಬಿಡಲಿಲ್ಲ. ಅದರ ಹಿಂತುದಿಯ ಹಸಿರು ಪ್ಲಾಸ್ಟಿಕ್ ಗುಂಡನ್ನು ನನ್ನ ಹಿರಿಮಗ ಹಲ್ಲು ಬರುವಾಗ ಕಚ್ಚಿ ಕಚ್ಚಿ ಗುರುತು ಮಾಡಿದ್ದ. ಆ ಗುಂಡು ಹೊರಗೆ ಕಾಣುವ ಹಾಗೆ ಮೇಸ್ತ್ರಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಸಿಕ್ಕಿಸಿಕೊಂಡಿರುತ್ತಿದ್ದರು. ಒಂದು ಮಧ್ಯಾಹ್ನ ಆ ಟೈರಿನ ಮೇಲೆ ಕೂತವರು ಏಳಲಿಲ್ಲ. ಮೈದುನ ಆ ಕಡ್ಡಿಯನ್ನು ತನ್ನ ಕೈಯಾರೆ ಅವರ ಜೇಬಿನಲ್ಲಿ ಸರಿಮಾಡಿ ಇಟ್ಟ. ಕಣ್ಣಾರೆ ಕಂಡಿದ್ದೇನೆ. ಮೇಲೆ ಮಣ್ಣು ಬಿದ್ದದ್ದನ್ನೂ ಕಂಡಿದ್ದೇನೆ. ಇದನ್ನು ನೆನಪಿಡಿ.

ಬಿಚ್ಚಿಟ್ಟಿದ್ದ ಮಿಕ್ಕ ಭಾಗಗಳನ್ನೆಲ್ಲ ಜೋಡಿಸಿ ಮೈದುನ ಇಂಜಿನ್ ಶುರು ಮಾಡುವಾಗ ಎರಡು ಗಂಟೆ ದಾಟಿತ್ತು. ಗುರ್ರ್ ಎಂದು ಹಿಡಿದು, ಆಮೇಲೆ ಒಂದೇ ಸಮನೆ ಗುಯ್ ಗುಯ್.

ಅವನು ಪಿಸ್ತೂಲಿನಂಥ ಒಂದು ದೀಪವನ್ನು ಪುಲ್ಲಿಗೆ ಹಿಡಿದ. ಟೈಮಿಂಗ್ ಲೈಟು. ಪ್ರತಿ ಕಿಡಿಗೂ ಒಮ್ಮೆ ಮಿಂಚುತ್ತದೆ. ಪಟಪಟಪಟ ಮಿಂಚುವ ಆ ಬೆಳಕಿನಲ್ಲಿ ಗಿರಗಿರನೆ ತಿರುಗುವ ಪುಲ್ಲಿ ನಿಂತೇ ಇದೆ ಎಂದು ಕಾಣಿಸುತ್ತದೆ. ಓಡುವ ವಸ್ತುವನ್ನು ಕತ್ತು ಹಿಡಿದು ನಿಲ್ಲಿಸಿದ ಹಾಗೆ. ನಾನು ಬಗ್ಗಿ ನೋಡಿದೆ. ಬಿಳಿ ಗುರುತು ಸೂಚಕದ ಎದುರಿಗೇ ನಿಂತಿತ್ತು.

"ಸರಿಯಾಗಿದೆ," ಅಂದ ಮೈದುನ.

ಸರಿಯಾಗಿತ್ತು. ಆದರೆ ಆ ಗುರುತಿನಿಂದ ಎರಡು ಬೆರಳಿನಷ್ಟು ಆಚೆ ಇನ್ನೊಂದೇನೋ ಇತ್ತು. ತೆಳ್ಳಗೆ, ನೆಟ್ಟಗೆ, ಹೊಳೆಯುವಂಥದ್ದು. ಪುಲ್ಲಿಯ ಅಂಚಿಗೆ ಮೂತಿ ಇಟ್ಟು ತೋರಿಸುತ್ತಾ...

"ಆ ಕಡ್ಡಿ ಏನದು?"

"ಯಾವ ಕಡ್ಡಿ?"

"ಅಲ್ಲಿ! ಗುರುತಿನ ಪಕ್ಕ."

ಅವನು ಇಂಜಿನ್ ನಿಲ್ಲಿಸಿ, ಟಾರ್ಚು ಬಿಟ್ಟು, ಕೈಯಾಡಿಸಿ ನೋಡಿದ. ಏನೂ ಇರಲಿಲ್ಲ.

"ಆ ಲೈಟನ್ನ ಮೊದಲ ಸಲ ನೋಡಿದವರಿಗೆ ಕಣ್ಣು ಹಾಗೇ ಮಾಡುತ್ತೆ ಅತ್ತಿಗೆ."

"ಮೇಸ್ತ್ರಿ ಕಡ್ಡಿ ಇಳಿಸಿ ನೋಡ್ತಿದ್ರಲ್ಲ... ನೀನೂ ಒಂದ್ಸಲ ನೋಡಬಾರ್ದಾ?"

ಅವನು ಗಡಿಯಾರ ನೋಡಿದ. ಎರಡೂವರೆ. "ಮೊದಲನೇ ಪ್ಲಗ್ಗು ಈ ಪೈಪಿನ ಕೆಳಗಿದೆ. ಈಗ ಕೂರಿಸಿದ ಪೈಪನ್ನ ಮತ್ತೆ ಬಿಚ್ಚಿ, ಮತ್ತೆ ಕೂರಿಸಿ... ನಾಲ್ಕಕ್ಕೆ ಆಗಲ್ಲ. ಗುರುತು ಸರಿಯಾಗೇ ಇದೆಯಲ್ಲ. ಏರಲ್ಲಿ ಒಂದು ಸುತ್ತು ಓಡಿಸೋಣ. ಟಿಣ್ ಟಿಣ್ ಅಂತ ಏನಾದ್ರೂ ಕೇಳಿದ್ರೆ ಹೇಳಿ. ಕೇಳದಿದ್ರೆ ಕಾರು ಸರಿ ಇದೆ ಅಂತ ಅರ್ಥ. ಅಷ್ಟೇ."

ಅಷ್ಟೇ.

ಬಾವಿಯ ಹಿಂದಿನ ಏರುದಾರಿಗೆ ತಂದ. ಮೂರನೇ ಗೇರಿನಲ್ಲಿ ಪೆಡಲನ್ನು ಪೂರ್ತಿ ಅದುಮಿದ. ವೂಂಂಂ... ಎಂದು ಟರ್ಬೊ ಏರಿತು. ನನ್ನ ಬೆನ್ನು ಸೀಟಿಗೆ ಅಂಟಿತು. ಬೂಸ್ಟಿನ ಮುಳ್ಳು ಮೇಲೆ ಹೋಗಿ ನಿಂತಿತು. ಐದು ದಿನದಲ್ಲಿ ಮೊದಲ ಸಲ ಮೈದುನನ ಮುಖದಲ್ಲಿ ನಗು ಕಂಡೆ.

ಆಗಲೇ... ಟಿಣ್. ಟಿಣ್ ಟಿಣ್ ಟಿಣ್.

"ಏನಾದ್ರೂ?" ಅಂದ.

"ಒಂದು ನಿಮಿಷ. ಇಂಜಿನ್ ನಿಲ್ಸು."

ನಿಲ್ಲಿಸಿದ. ನಿಶ್ಶಬ್ದ. ಒಂದು ನಾಯಿಯೂ ಬೊಗಳಲಿಲ್ಲ.

ಟಿಣ್... ಟಿಣ್...

ಇಂಜಿನ್ ನಿಂತಿದೆ, ಸದ್ದು ನಿಂತಿಲ್ಲ. ಹಿಂದಿನ ಸೀಟಿನಿಂದಲೇ ಬರುತ್ತಿದೆಯೇನೋ ಎನ್ನುವಷ್ಟು ಹತ್ತಿರ. ಬಾವಿಯದು ಬಾವಿಯಲ್ಲಿ ಉಳಿದಿಲ್ಲ, ನಮ್ಮ ಜೊತೆಗೇ ಬಂದಿದೆ ಎಂದುಕೊಂಡೆ. ಇಂಜಿನ್ ಓಡಿದರೂ ಆಗುವ ಸದ್ದು, ನಿಂತರೂ ಆಗುವ ಸದ್ದು, ಅದು ಕಾರಿನದು ಹೇಗಾದೀತು? ಹಾಗೆ ಲೆಕ್ಕ ಹಾಕಿದೆ. ದೆವ್ವ ಅಂದರೆ ಮೈದುನ ನಕ್ಕಾನು, ಇಲ್ಲವೇ ಹೆದರಿ ಕಾರನ್ನೇ ಬಿಟ್ಟಾನು. ನಾಲ್ಕಕ್ಕೆ ಅವಳು ಹೋಗಲೇಬೇಕು.

"ಹೇಳಿ ಅತ್ತಿಗೆ. ಕಾರಲ್ಲಿ ಏನಾದ್ರೂ ಕೇಳ್ತಾ?"

"ಇಲ್ಲ," ಅಂದೆ. "ಕಾರಲ್ಲಿ ಏನೂ ಇಲ್ಲ."

ನಾಲ್ಕಕ್ಕೆ ಸರಿಯಾಗಿ ಉದ್ದಣ್ಣನ ಬಾಗಿಲಲ್ಲಿ ಕಾರು ನಿಂತಿತು. ಅವನ ಹೆಂಡತಿಯನ್ನು ಇಬ್ಬರೂ ಹಿಡಿದು ಹಿಂದಿನ ಸೀಟಿಗೆ ಕೂರಿಸಿದೆವು, ಬೆನ್ನಿಗೆ ಮೂರು ದಿಂಬು. ನಾನು ಅವಳಿಗೆಂದು ಹೆಣೆಯುತ್ತಿದ್ದ ಉಣ್ಣೆಯ ಕಾಲುಚೀಲದಲ್ಲಿ ಒಂದೇ ಮುಗಿದಿತ್ತು. ಅದನ್ನೇ ಹಾಕಿದೆ.

"ಇದೇನಕ್ಕಾ ಇದು, ಕಾಲಿಗೋ ದಿಂಬಿಗೋ?" ಏದುತ್ತಲೇ ನಕ್ಕಳು.

"ಊದಿರೋ ಕಾಲಿಗೆ ಅಳತೆ ತಗೊಂಡ್ರೆ ಇನ್ನೇನಾಗುತ್ತೆ! ಇನ್ನೊಂದು ವಾಪಸ್ ಬಂದಾಗ ಕೊಡ್ತೀನಿ."

"ಒಂಟಿ ಕಾಲಲ್ಲಿ ಕಾಯ್ತೀನಿ ಹಾಗಾದ್ರೆ."

ಉದ್ದಣ್ಣ ಮೈದುನನ ಭುಜ ತಟ್ಟಿದ. "ಕಿವಿಯಪ್ಪಾ, ಸದ್ದು ಹೇಗಿದೆ?"

"ಚೆನ್ನಾಗಿದೆ ಅಣ್ಣಾ."

ಕಾರು ತಿರುವಿನಲ್ಲಿ ಮರೆಯಾಯಿತು. ಮರೆಯಾದ ಕೂಡಲೇ... ನನ್ನ ಕಿವಿಯಲ್ಲಿನ ಆ ಟಿಣ್ ಟಿಣ್ ನಿಂತುಹೋಯಿತು. ಕತ್ತರಿಸಿದ ಹಾಗೆ. ಆಗ ನನಗೆ ಸಮಾಧಾನವಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ ಗೊತ್ತಿಲ್ಲ. ಆಯಿತು. ಮನೆಗೆ ಹೋಗಿ ಮಲಗಿದೆ. ಚೆನ್ನಾಗಿ ನಿದ್ದೆಯೂ ಬಂತು.

ಗುಡ್ಡದ ನೆತ್ತಿಗೆ ಇನ್ನು ಮೂರು ತಿರುವು ಇರುವಾಗ ಇಂಜಿನ್ ಒಮ್ಮೆ ಧಡ್ ಎಂದು ಸತ್ತಿತಂತೆ. ಮತ್ತೆ ತಿರುಗಲೇ ಇಲ್ಲ. ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಯಾರು ಬರುತ್ತಾರೆ? ದಟ್ಟ ಮಂಜು. ಉದ್ದಣ್ಣ ಹೆಂಡತಿಗೆ ತನ್ನ ಕೋಟು ಹೊದಿಸಿ, ಗಾಜು ಏರಿಸಿ, ಕೆಳಗಿನ ಪೊಲೀಸು ಚೌಕಿಯ ಕಡೆಗೆ ಓಡಿದ. ಜೀಪು ಹಿಡಿದು ಮೇಲೆ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಅವಳು ದಿಂಬಿಗೆ ಒರಗಿ ಕೂತೇ ಇದ್ದಳಂತೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಕೊನೆಯವರೆಗೂ ಮಲಗಿರಲಿಲ್ಲ.

ಹದಿನೈದು ದಿನದ ಮೇಲೆ ಉದ್ದಣ್ಣ ಗ್ಯಾರೇಜಿಗೆ ಬಂದ. ನಾನೂ ಅಲ್ಲೇ ಇದ್ದೆ. ಬೈಯಲು ಬಂದನೆಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಾಗಿಲಿಗೆ ತಲೆ ತಗ್ಗಿಸಿ ನಿಂತು ಒಂದೇ ಮಾತು ಕೇಳಿದ.

"ನೀನು ಕೇಳಿ ನೋಡಿದ್ಯಾ, ಕಿವಿಯಪ್ಪಾ?"

ಮೈದುನ ನನ್ನ ಕಡೆ ನೋಡಲೂ ಇಲ್ಲ.

"ಕೇಳಿದೆ ಅಣ್ಣಾ. ನಾನೇ ಕೇಳಿದೆ. ನನ್ನ ಕಿವಿ ತಪ್ಪಿತು."

ಉದ್ದಣ್ಣ ಹೋದ. ಮುಂದಿನ ತಿಂಗಳು ಊರು ಬಿಟ್ಟ. ಗ್ಯಾರೇಜಿಗೆ ಎಳೆದು ತಂದಿದ್ದ ಕಾರನ್ನು ಇಲ್ಲೇ ಬಿಟ್ಟ.

ಅವನು ಹೋದ ದಿನ ಮೈದುನ ಗ್ಯಾರೇಜಿನ ಬಾಗಿಲು ಒಳಗಿನಿಂದ ಹಾಕಿಕೊಂಡು ಇಂಜಿನ್ ಬಿಚ್ಚಲು ನಿಂತ. ನನ್ನೊಬ್ಬಳನ್ನೇ ಕರೆದ. ಹಗಲು ಹೊತ್ತು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು.

ಮೊದಲು ಪುಲ್ಲಿ ತೆಗೆದು ಬೆಂಚಿನ ಮೇಲಿಟ್ಟ. ನೋಡಿದ. ಬಹಳ ಹೊತ್ತು ನೋಡಿದ. ಆ ಪುಲ್ಲಿ ಒಂದೇ ತುಂಡಲ್ಲ. ಒಳಗೊಂದು ಗಟ್ಟಿ ಚಕ್ರ, ಹೊರಗೊಂದು ಬಳೆ, ನಡುವೆ ರಬ್ಬರು. ರಬ್ಬರು ಹಳತಾಗಿ ಹೊರಗಿನ ಬಳೆ ಜಾರಿತ್ತು. ಬಿಳಿ ಗುರುತು ಇದ್ದದ್ದು ಆ ಬಳೆಯ ಮೇಲೆ. ಎಂದರೆ ಗುರುತು ಸರಿ ಎಂದು ತೋರಿಸುತ್ತಿದ್ದಾಗಲೆಲ್ಲ ಕಿಡಿ ತೀರಾ ಮುಂಚೆ ಹೊತ್ತುತ್ತಿತ್ತು. ಪೈಪು ಸೀಳಿ ಗಾಳಿ ಸೋರುತ್ತಿದ್ದಷ್ಟು ದಿನ ಏಟಿಗೆ ಜೋರಿರಲಿಲ್ಲ. ಒಂದು ರೋಗ ಇನ್ನೊಂದು ರೋಗವನ್ನು ಅಡಗಿಸಿಟ್ಟಿತ್ತು. ಇವನು ಒಂದನ್ನು ವಾಸಿ ಮಾಡಿ ಇನ್ನೊಂದನ್ನು ಎಬ್ಬಿಸಿದ.

"ಎಷ್ಟು ಜಾರಿದೆ?" ಅಂದೆ. ಕೇಳಬಾರದಿತ್ತು.

ಅವನು ಅಳೆದ. ಎರಡು ಬೆರಳು. ಆ ರಾತ್ರಿ ದೀಪದಲ್ಲಿ ಕಡ್ಡಿ ಮೂತಿ ಇಟ್ಟಿದ್ದು ಅಲ್ಲೇ.

ಈಗ ಯೋಚಿಸಿದರೆ ಗೊತ್ತಾಗುತ್ತದೆ. ಆ ಏರಿನಲ್ಲಿ ನಾನು ಕೇಳಿದ್ದು ಒಂದು ಸದ್ದಲ್ಲ, ಎರಡು. ಒಂದು ಬಾವಿಯಿಂದ ಜೊತೆಗೆ ಬಂದ ನಿಧಾನದ್ದು. ಇನ್ನೊಂದು ಪೆಡಲು ಒತ್ತಿದಾಗ ಮಾತ್ರ ಬಂದ ಅವಸರದ್ದು. ಕಡ್ಡಿಗಳ ಸದ್ದಿನಲ್ಲೇ ಬದುಕಿದವಳಿಗೆ ಆ ವ್ಯತ್ಯಾಸ ತಿಳಿಯಬೇಕಿತ್ತು. ಎಚ್ಚರಿಸಲು ಬಂದದ್ದೇ ಅಡ್ಡ ನಿಂತಿತು. ಪಾಪ, ಸತ್ತವರಿಗೂ ಕೆಲವು ಸಲ ಕೈಲಾಗುವುದಿಲ್ಲ.

ಮೈದುನ ಮೊದಲನೇ ಪ್ಲಗ್ಗಿಗೆ ಪಾನಾ ಹಾಕಿದ. ಬಿಗಿಯಾಗಿತ್ತು. ಮೈಭಾರವೆಲ್ಲ ಹಾಕಿ ತಿರುಗಿಸಿದ. ಕಿರ್ರ್... ಎಂದು ಬಿಟ್ಟಿತು. ತೂತಿಗೆ ಟಾರ್ಚು ಹಿಡಿದವನು ಹಾಗೇ ನಿಂತ. ಆಮೇಲೆ ಇಕ್ಕಳ ಇಳಿಸಿ, ಮೆಲ್ಲಗೆ, ಏನನ್ನೋ ಮೇಲೆ ಎಳೆದ. ಎಳೆದು ನನ್ನ ಅಂಗೈಯಲ್ಲಿಟ್ಟ. ಅವತ್ತಿನಿಂದ ಅವನು ಬಾನೆಟ್ಟು ಎತ್ತಲಿಲ್ಲ. ಒಂದು ಗೋದಾಮಿನಲ್ಲಿ ಕಾವಲಿಗೆ ಸೇರಿದ. ಸಾಯುವವರೆಗೂ ಅದೇ ಕೆಲಸ.

ಆ ಪಿಸ್ಟನ್ನು ಕರಗಿ ಹೆಬ್ಬೆರಳು ಹೋಗುವಷ್ಟು ತೂತು ಬಿದ್ದಿತ್ತು. ಉಕ್ಕಿನ ಕಡ್ಡಿ ಇರಲಿ, ಅಲ್ಲಿ ಇರುವೆಯೂ ಇರುವಂತಿರಲಿಲ್ಲ. ಆದರೆ ನನ್ನ ಹತ್ತನೇ ನಂಬರಿನ ಜೋಡಿ ಅಲ್ಲಿ ಕಪಾಟಿನಲ್ಲಿ, ಬಿಸ್ಕತ್ತಿನ ಡಬ್ಬಿಯಲ್ಲಿ, ಮುಗಿಯದ ಆ ಇನ್ನೊಂದು ಕಾಲುಚೀಲದ ಜೊತೆ ಇದೆ. ಎರಡೂ ಇವೆ. ಬೇಕಾದರೆ ಎದ್ದು ನೋಡಿ. ಒಂದರ ಹಸಿರು ಗುಂಡು ಸುಟ್ಟಿಲ್ಲ, ಕರಗಿಲ್ಲ, ಮಸಿ ಸಹ ಹಿಡಿದಿಲ್ಲ. ಅಂಗಡಿಯಲ್ಲಿ ಅಂಥ ಕಡ್ಡಿ ನೂರು ಸಿಗುತ್ತದೆ ಅನ್ನುತ್ತೀರಿ. ಸಿಗಲಿ. ನನ್ನ ಮಗನ ಹಲ್ಲು ನನಗೆ ಗೊತ್ತಿಲ್ಲವೇ? ಮೇಲೆ ಎರಡು, ಕೆಳಗೆ ಒಂದು.